ಹಾಡುವವರೇ ಪಿಯಾನೊ ನುಡಿಸುವಾಗ: ಕಚೇರಿಯ ಧ್ವನಿಮುದ್ರಣ ಕೆಟ್ಟರೆ ಕಾರಣ ಹುಡುಕುವ ಬಗೆ

ಒಂದು ಪಿಯಾನೊ, ಒಂದು ಕಂಠ, ಮೂರು ಮೈಕ್. ಇದಕ್ಕಿಂತ ಸುಲಭದ ಕೆಲಸ ಯಾವುದಿದೆ ಎಂದುಕೊಂಡು ಹೋದವರ ಮುಖ ಮರುದಿನ ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ಸಪ್ಪಗಾಗುತ್ತದೆ. ಸಭಾಂಗಣದಲ್ಲಿ ಕಿವಿ ತುಂಬಿದ್ದ ದನಿ ಇಲ್ಲಿ ಡಬ್ಬಿಯೊಳಗಿಂದ ಬಂದಂತಿದೆ. ಪಿಯಾನೊ ಪಕ್ಕದ ಕೋಣೆಗೆ ಹೋಗಿ ಕುಳಿತಿದೆ. ನಡುವೆ ಎಲ್ಲಿಂದಲೋ ಗುಂಯ್ ಎನ್ನುವ ಸದ್ದು. ತಕ್ಷಣ ಕೈ ಹೋಗುವುದು ಮಂದ್ರ, ತಾರದ ಮಟ್ಟಗಳನ್ನು ಏರಿಸಿ ಇಳಿಸುವ ಈಕ್ವಲೈಸರ್ ಕಡೆಗೆ. ಆ ಕೈಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ.

ಬೇರೆ ಕಚೇರಿಗಳಲ್ಲಿ ಇಲ್ಲದ ತೊಡಕು ಇಲ್ಲೊಂದಿದೆ. ಹಾಡುವ ಬಾಯಿಗೂ ತಂತಿಗೆ ಬಡಿಯುವ ಸುತ್ತಿಗೆಗಳಿಗೂ ನಡುವೆ ಇರುವುದು ಒಂದು ತೋಳಿನ ಅಂತರ. ಯಾವ ಮೈಕನ್ನು ಎಲ್ಲಿಟ್ಟರೂ ಅದು ಎರಡನ್ನೂ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಕಂಠದಲ್ಲಿ ಕಾಣಿಸಿದ ದೋಷ ಪಿಯಾನೊದ ಮೈಕಿನಿಂದ ಬಂದಿರಬಹುದು, ಪಿಯಾನೊದ ದೋಷ ಕಂಠದ ಮೈಕಿನಿಂದ ಬಂದಿರಬಹುದು. ಇದನ್ನು ಮರೆತು ರಿಪೇರಿಗೆ ಇಳಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಾನು ಎಳೆದಿದ್ದೇನೆ, ಒಂದಲ್ಲ, ಹಲವು ಸಲ.

ಮೊದಲು ಕೇಳುವ ಕ್ರಮ

ಮೂಲ ಕಡತದ ಪ್ರತಿ ಮಾಡಿಕೊಂಡು ಪ್ರತಿಯ ಮೇಲಷ್ಟೇ ಕೆಲಸ ಮಾಡಿ. ಎಲ್ಲ ಎಫೆಕ್ಟ್‌ಗಳನ್ನೂ ಆಫ್ ಮಾಡಿ. ಹಾಡೂ ಪಿಯಾನೊವೂ ಒಟ್ಟಿಗಿರುವ, ಪಿಯಾನೊ ಮಾತ್ರ ಇರುವ, ಎರಡೂ ನಿಂತು ಸಭಾಂಗಣ ಮಾತ್ರ ಕೇಳಿಸುವ ಮೂರು ತುಣುಕುಗಳನ್ನು ಆರಿಸಿಕೊಳ್ಳಿ. ಇವನ್ನು ಮೊದಲು ಒಂದೊಂದೇ ಚಾನೆಲ್‌ನಲ್ಲಿ, ಅಂದರೆ ಒಂದೊಂದೇ ಮೈಕಿನ ಮುದ್ರಣದಲ್ಲಿ, ಕೇಳಿ. ಆಮೇಲೆ ಎರಡೆರಡು ಚಾನೆಲ್ ಸೇರಿಸಿ ಕೇಳಿ. ಕೊನೆಗೆ ಎಲ್ಲವನ್ನೂ ಮೊನೊ ಮಾಡಿ, ಅಂದರೆ ಎಡಬಲಗಳನ್ನು ಒಂದಾಗಿ ಕೂಡಿಸಿ, ಕೇಳಿ.

ದೋಷ ಯಾವ ಹಂತದಲ್ಲಿ ತಲೆ ಎತ್ತಿತು ಎಂಬುದೇ ಅರ್ಧ ಉತ್ತರ. ಒಂಟಿ ಚಾನೆಲ್‌ನಲ್ಲೇ ಇದ್ದರೆ ಆ ಮೈಕ್, ಅದರ ಕೇಬಲ್, ಅದರ ಪ್ರಿಆಂಪ್ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಅಥವಾ ಆ ಜಾಗದ ಗಾಳಿಯಲ್ಲೇ ಇದ್ದ ಸದ್ದು. ಒಂಟಿಯಾಗಿ ಎಲ್ಲವೂ ಚೆನ್ನಾಗಿದ್ದು ಜೋಡಿಸಿದಾಗ ಕೆಟ್ಟರೆ ಮೈಕ್‌ಗಳ ನಡುವಿನ ಅಂತರ ಅಥವಾ ಪಾಲಾರಿಟಿಯ (ಅಲೆ ತಲೆಕೆಳಗಾಗುವ) ತಕರಾರು. ಮೊನೊ ಮಾಡಿದಾಗ ಮಾತ್ರ ಮಂದ್ರ ಮಾಯವಾದರೆ ಪಿಯಾನೊದ ಸ್ಟೀರಿಯೊ ಜೋಡಿಯನ್ನು ನೋಡಬೇಕು. ಮಿಶ್ರಣ ಮುಗಿಸಿ ಹೊರತೆಗೆದ ಕಡತದಲ್ಲಿ ಮಾತ್ರ ಇದ್ದರೆ ತಪ್ಪು ನಿಮ್ಮ ಮೇಜಿನ ಮೇಲೆಯೇ ಆಗಿದೆ. ನನ್ನ ಬಳಿ ಬಂದಿರುವ ಮುದ್ರಣಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಹೊಸ ಮೈಕ್ ಕೊಂಡರೆ ಅದು ವಾಸಿಯಾಗುವುದಿಲ್ಲ.

ಡಬ್ಬಿಯೊಳಗಿನ ದನಿ

ಕಂಠದ ಮೈಕ್ ಒಂದನ್ನೇ ಕೇಳಿದರೆ ದನಿ ತುಂಬಿಕೊಂಡಿದೆ. ಪಿಯಾನೊದ ಮೈಕ್‌ಗಳನ್ನು ಮೇಲಕ್ಕೆ ತಂದ ಕೂಡಲೇ ದನಿ ಪೊಳ್ಳಾಗುತ್ತದೆ, ಹಿಂದಕ್ಕೆ ಸರಿಯುತ್ತದೆ. ಈ ಬಗೆಯ ಮುದ್ರಣದ ಅತಿ ಸಾಮಾನ್ಯ ಕಾಯಿಲೆ ಇದು.

ಲೆಕ್ಕ ಹೀಗೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಗಾಯಕಿಯ ಬಾಯಿಯಿಂದ ಕಂಠದ ಮೈಕ್ 8 ಸೆಂಟಿಮೀಟರ್ ದೂರದಲ್ಲಿದೆ, ಪಿಯಾನೊದ ಮೈಕ್ 1.45 ಮೀಟರ್ ದೂರದಲ್ಲಿದೆ ಎನ್ನಿ. ಅದೇ ಅಕ್ಷರ ಪಿಯಾನೊದ ಮೈಕನ್ನು ಸುಮಾರು 4 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 125 ಹರ್ಟ್ಸ್‌ನಲ್ಲಿ ಒಂದು ಹಳ್ಳ (ದನಿ ತಗ್ಗುವ ಜಾಗ), 375ರಲ್ಲಿ ಇನ್ನೊಂದು, 625ರಲ್ಲಿ ಮತ್ತೊಂದು, ಹೀಗೆ ಬಾಚಣಿಗೆಯ ಹಲ್ಲುಗಳಂತೆ ಮೇಲಿನವರೆಗೂ ಸಾಲು. ಪಿಯಾನೊದ ಮೈಕಿನಲ್ಲಿ ದನಿ 10 ಡೆಸಿಬೆಲ್ ಕೆಳಗಿದ್ದರೂ ಈ ಏರಿಳಿತ 6 ಡೆಸಿಬೆಲ್‌ನಷ್ಟಿರುತ್ತದೆ. 20 ಡೆಸಿಬೆಲ್ ಕೆಳಗಿದ್ದರೆ ಎರಡು ಡೆಸಿಬೆಲ್‌ಗಿಂತ ಕಡಿಮೆಯಾಗಿ, ಕಿವಿ ಅದನ್ನು ಕ್ಷಮಿಸುತ್ತದೆ. ಸಾಲುಸಾಲು ಹಳ್ಳಗಳನ್ನು ಈಕ್ವಲೈಸರ್‌ನಿಂದ ತುಂಬಲು ಹೊರಡುವುದು ಜರಡಿಗೆ ತೇಪೆ ಹಾಕಿದಂತೆ.

ಖಚಿತಪಡಿಸಿಕೊಳ್ಳಲು ಒಂದು ಸರಳ ಪರೀಕ್ಷೆ ಇದೆ. ಎರಡು ಟ್ರ್ಯಾಕ್‌ಗಳನ್ನು ಸೇರಿಸಿ ಕೇಳುತ್ತಲೇ ಕಂಠದ ಟ್ರ್ಯಾಕನ್ನು ಒಂದೊಂದೇ ಮಿಲಿಸೆಕೆಂಡ್ ತಡ ಮಾಡುತ್ತ ಹೋಗಿ. ದನಿಯ ಬಣ್ಣ ಪ್ರತಿ ಹೆಜ್ಜೆಗೂ ಬದಲಾಗಿ, ಒಂದು ಹಂತದಲ್ಲಿ ತಟ್ಟನೆ ಎದೆ ತುಂಬಿಕೊಂಡರೆ ರೋಗ ಸಿಕ್ಕಿತು. 48 ಕಿಲೊಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಅಲೆಯ ಅಳತೆ) ಲೆಕ್ಕದಲ್ಲಿ, ಮುದ್ರಿಸಿದ್ದರೆ 4 ಮಿಲಿಸೆಕೆಂಡ್ ಎಂದರೆ 192 ಸ್ಯಾಂಪಲ್. ಅಂದಾಜು ಬೇಡ ಎನ್ನುವವರು ಧ್ವನಿ ಪರೀಕ್ಷೆಯ ಹೊತ್ತಿನಲ್ಲೇ ಗಾಯಕಿಗೆ ಒಮ್ಮೆ ನಾಲಿಗೆಯಿಂದ ಲೊಚಗುಟ್ಟಲು ಹೇಳಿ. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಎರಡು ಟ್ರ್ಯಾಕ್‌ಗಳಲ್ಲಿ ಎರಡು ಮುಳ್ಳುಗಳು ಎದ್ದು ನಿಂತಿರುತ್ತವೆ. ನಡುವಿನ ಅಂತರವನ್ನು ಎಣಿಸಿದರೆ ಆಯಿತು.

ಆದರೆ ಇಲ್ಲೊಂದು ಕೊಕ್ಕೆ ಇದೆ. ಹೀಗೆ ಸರಿಹೊಂದಿಸುವುದು ಕಂಠವನ್ನು ಮಾತ್ರ. ಕಂಠದ ಮೈಕಿಗೆ ನುಗ್ಗಿದ ಪಿಯಾನೊ ಮೊದಲೇ ಒಂದೆರಡು ಮಿಲಿಸೆಕೆಂಡ್ ತಡವಾಗಿತ್ತು. ನೀವು ಆ ಟ್ರ್ಯಾಕನ್ನು ಇನ್ನೂ ಹಿಂದಕ್ಕೆ ತಳ್ಳಿದಾಗ ಪಿಯಾನೊದ ಅಂತರ ಇನ್ನಷ್ಟು ಹೆಚ್ಚುತ್ತದೆ. ಎರಡು ಮೂಲಗಳು, ಎರಡು ಜಾಗಗಳು, ಒಂದೇ ಗುಬುಟು: ಎರಡನ್ನೂ ಒಟ್ಟಿಗೆ ಮೆಚ್ಚಿಸಲು ಬರುವುದಿಲ್ಲ. ಕೇಳುಗರ ಕಿವಿ ಮೊದಲು ಹಿಡಿಯುವುದು ಹಾಡಿನ ಮಾತನ್ನು, ಆದ್ದರಿಂದ ನಾನು ಸಾಮಾನ್ಯವಾಗಿ ಕಂಠದ ಪರ ನಿಲ್ಲುತ್ತೇನೆ. ಪಿಯಾನೊ ತೀರಾ ಸೊರಗಿದರೆ ಅರ್ಧಕ್ಕೆ ನಿಲ್ಲಿಸುತ್ತೇನೆ.

ನಿಜವಾದ ಔಷಧಿ ಇರುವುದು ವೇದಿಕೆಯ ಮೇಲೆ. ಪಿಯಾನೊಗೆ ಎಷ್ಟು ಹತ್ತಿರ ಇಟ್ಟಿರಿ ಎಂಬುದರಷ್ಟೇ ಮುಖ್ಯ, ಮೈಕಿನ ಕಿವುಡು ಭಾಗ ಗಾಯಕಿಯ ಬಾಯಿಯ ಕಡೆಗಿದೆಯೇ ಎಂಬುದು. ಮುಂದಿನಿಂದ ಬಂದದ್ದನ್ನೇ ಹೆಚ್ಚು ಕೇಳಿಸಿಕೊಳ್ಳುವ ಕಾರ್ಡಿಯಾಯ್ಡ್ ಮೈಕ್ ಅತ್ಯಂತ ಕಿವುಡಾಗಿರುವುದು ನೇರ ಬೆನ್ನಿನಲ್ಲಿ. ಅದಕ್ಕಿಂತ ಕಿರಿದಾಗಿ ಕೇಳುವ ಸೂಪರ್‌ಕಾರ್ಡಿಯಾಯ್ಡ್‌ಗೆ ಮೈಕಿನ ಮುಖದಿಂದ ಸುಮಾರು 126 ಡಿಗ್ರಿಯಲ್ಲಿ, ಇನ್ನೂ ಕಿರಿದಾದ ಹೈಪರ್‌ಕಾರ್ಡಿಯಾಯ್ಡ್‌ಗೆ 110ರ ಆಸುಪಾಸಿನಲ್ಲಿ. ಈ ಎರಡರ ನೇರ ಬೆನ್ನು ಅಷ್ಟು ಕಿವುಡಲ್ಲ, ಇಲ್ಲಿಯೇ ಬಹಳ ಮಂದಿ ಎಡವುವುದು. ಮುಂದೆ ಹಿಂದೆ ಮಾತ್ರ ಕೇಳುವ ಎಂಟರ ಆಕಾರದ ಮೈಕ್ ಆದರೆ 90 ಡಿಗ್ರಿಯಲ್ಲಿ, ಪಕ್ಕದಿಂದ ಬಂದದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹಾಡುವವರು ವಾದ್ಯದ ಒಂದೇ ತುದಿಯಲ್ಲಿ, ಅಲುಗಾಡದೆ ಕುಳಿತಿರುವ ಇಂಥ ಕಚೇರಿಗೆ ಅದು ಹೇಳಿ ಮಾಡಿಸಿದ್ದು. ಅಂಥ ಮೈಕ್ ಕೈಗೆ ಸಿಕ್ಕರೆ ನಾನು ಬೇರೆ ಏನನ್ನೂ ಯೋಚಿಸುವುದಿಲ್ಲ.

ಕಂಠದ ಮೈಕ್ ಒಂಟಿಯಾಗಿ ಕೇಳುವಾಗಲೇ ಪೊಳ್ಳಾಗಿದ್ದರೆ ಎದುರಿನ ಸ್ವರಪುಸ್ತಕದ ಹಲಗೆಯನ್ನು ನೋಡಿ. ಮೈಕಿನಿಂದ 25 ಸೆಂಟಿಮೀಟರ್ ಆಚೆ ಇರುವ ಹಲಗೆಗೆ ದನಿ ಬಡಿದು ಮರಳುವಾಗ ಅರ್ಧ ಮೀಟರ್ ಹೆಚ್ಚು ಓಡಿರುತ್ತದೆ, ಮೊದಲ ಹಳ್ಳ 343 ಹರ್ಟ್ಸ್‌ನಲ್ಲಿ ಬೀಳುತ್ತದೆ. ಹಲಗೆಯನ್ನು ಮಲಗಿಸಿ, ಅಥವಾ ಅದರ ಮೇಲೆ ಒಂದು ದಪ್ಪ ಬಟ್ಟೆ ಹೊದಿಸಿ.

ಹಾಡು ನಿಂತಾಗ ಪಿಯಾನೊದ ಬಣ್ಣ ಬದಲಾದರೆ

ಇದು ಮುದ್ರಣದ ದೋಷವಲ್ಲ, ಮಿಶ್ರಣದ್ದು. ಹಾಡಿಲ್ಲದ ಕಡೆ ಕಂಠದ ಟ್ರ್ಯಾಕನ್ನು ಯಾರೋ ಮುಚ್ಚಿದ್ದಾರೆ, ಇಲ್ಲವೇ ದನಿ ತಗ್ಗಿದಾಗ ತಾನೇ ಮುಚ್ಚಿಕೊಳ್ಳುವ ಗೇಟ್ ಹಾಕಿದ್ದಾರೆ. ಆ ಮೈಕಿನಲ್ಲಿದ್ದ ಪಿಯಾನೊದ ಪಾಲೂ ಅದರ ಜೊತೆಗೆ ಹೋಗುತ್ತದೆ, ವಾದ್ಯ ಒಮ್ಮೆ ಅಗಲವಾಗಿ ಒಮ್ಮೆ ಕಿರಿದಾಗಿ ಉಸಿರಾಡುತ್ತದೆ. ಗಟ್ಟಿ ದನಿಯನ್ನು ಅದುಮಿ ಹಿಡಿಯುವ ಕಂಪ್ರೆಸರ್ ಬಿಗಿಯಾಗಿದ್ದರೆ ಇದಕ್ಕೆ ತದ್ವಿರುದ್ಧ ಮಾಡುತ್ತದೆ: ಹಾಡು ನಿಂತ ಕೂಡಲೇ ಪಿಯಾನೊ ಉಬ್ಬಿಕೊಂಡು ಬರುತ್ತದೆ. ಗೇಟ್ ತೆಗೆಯಿರಿ. ಬೇಕೆಂದರೆ ಬಿಡುವುಗಳಲ್ಲಿ ಕಂಠದ ಟ್ರ್ಯಾಕನ್ನು ಮೂರು ನಾಲ್ಕು ಡೆಸಿಬೆಲ್‌ನಷ್ಟು ನಿಧಾನವಾಗಿ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ.

ಮೊನೊದಲ್ಲಿ ಮಾಯವಾಗುವ ಮಂದ್ರ

100 ಹರ್ಟ್ಸ್ ಅಲೆಯ ಉದ್ದವೇ ಮೂರೂವರೆ ಮೀಟರ್‌ನಷ್ಟು. ಪಿಯಾನೊದ ಮುಂದೆ ಅರ್ಧ ಮೀಟರ್ ಅಂತರದಲ್ಲಿರುವ ಎರಡು ಮೈಕ್‌ಗಳಿಗೆ ಆ ಅಲೆ ಹೆಚ್ಚುಕಡಿಮೆ ಒಟ್ಟಿಗೇ ತಲುಪಬೇಕು. ಹಾಗಿದ್ದೂ ಮೊನೊ ಮಾಡಿದಾಗ ಕೆಳಗಿನ ಸ್ವರಗಳು ಬಸವಳಿದರೆ ಮೂರು ಪಿನ್‌ಗಳ ಮೈಕ್ ಕೇಬಲ್ ಒಂದರಲ್ಲಿ 2 ಮತ್ತು 3ನೆಯ ಪಿನ್‌ಗಳು ಅದಲುಬದಲಾಗಿವೆ ಎಂದು ಅನುಮಾನಿಸಿ. ಒಂದು ಚಾನೆಲ್‌ನ ಪಾಲಾರಿಟಿ ತಿರುಗಿಸಿದ ಕೂಡಲೇ ಮಂದ್ರ ವಾಪಸಾಗುತ್ತದೆ. ಒಂದು ಮೈಕ್ ಧ್ವನಿಫಲಕದ (ತಂತಿಗಳ ಜೊತೆ ಕಂಪಿಸುವ ದೊಡ್ಡ ಹಲಗೆಯ) ಮೇಲೆ, ಇನ್ನೊಂದು ಕೆಳಗೆ ಇಟ್ಟಿದ್ದರೆ ಕೇಬಲ್ ಸರಿಯಿದ್ದರೂ ಒಂದನ್ನು ತಿರುಗಿಸಲೇಬೇಕು, ಏಕೆಂದರೆ ಫಲಕ ಮೇಲಿನ ಗಾಳಿಯನ್ನು ತಳ್ಳುವ ಕ್ಷಣದಲ್ಲಿ ಕೆಳಗಿನ ಗಾಳಿಯನ್ನು ಎಳೆಯುತ್ತಿರುತ್ತದೆ.

ಒಡೆದ ದನಿ

ಅಲೆಯ ಚಿತ್ರವನ್ನು ಹಿಗ್ಗಿಸಿ. ತಲೆಗಳು ಸರಿಯಾಗಿ ಸೊನ್ನೆ ಡೆಸಿಬೆಲ್ ಗೆರೆಯಲ್ಲಿ ಚಪ್ಪಟೆಯಾಗಿದ್ದರೆ ರೆಕಾರ್ಡರ್‌ನ ಡಿಜಿಟಲ್ ಮಿತಿ ಮೀರಿದೆ. ಸೊನ್ನೆಗಿಂತ ಕೆಳಗೆ, ಮೈನಸ್ 6ರಲ್ಲೋ ಮೈನಸ್ 9ರಲ್ಲೋ ಚಪ್ಪಟೆಯಾಗಿದ್ದರೆ ಅದಕ್ಕೂ ಮೊದಲೇ, ಪ್ರಿಆಂಪ್‌ನಲ್ಲೋ ಮೈಕಿನ ಒಳಗೋ, ಒಡೆದಿದೆ. ಮೀಟರ್ ಕೆಂಪಾಗಲೇ ಇಲ್ಲವಲ್ಲ ಎಂದು ಗೋಳಾಡುವವರೆಲ್ಲ ಈ ಎರಡನೆಯ ಗುಂಪಿನವರು. ಗೇನ್ (ಪ್ರಿಆಂಪ್ ಹಿಗ್ಗಿಸುವ ಮಟ್ಟ) ಇಳಿಸಿದರೂ ಒಡಕು ಹಾಗೆಯೇ ಉಳಿದರೆ ಮೈಕಿನದೇ ಮಿತಿ, ಅದರ ಮೇಲಿರುವ, ಸಂಕೇತವನ್ನು ತಗ್ಗಿಸುವ ಪ್ಯಾಡ್ ಗುಂಡಿ ಒತ್ತಬೇಕು. ಸೊನ್ನೆ ಗೆರೆ ದಾಟಿದರೂ ಒಡೆಯದ 32 ಬಿಟ್ ಫ್ಲೋಟ್ ರೆಕಾರ್ಡರ್ ಇದೆ, ನನಗೇನು ಚಿಂತೆ ಎನ್ನುವವರಿಗೂ ಇದೇ ಮಾತು. ಮೈಕಿನೊಳಗೆ ಒಡೆದು ಬಂದದ್ದನ್ನು ಅದು ಒಡೆದಂತೆಯೇ ಜೋಪಾನವಾಗಿ ಬರೆದಿಡುತ್ತದೆ.

24 ಬಿಟ್‌ನಲ್ಲಿ ಮುದ್ರಿಸುವಾಗ ಗಟ್ಟಿಯಾದ ಭಾಗಗಳೂ ಮೈನಸ್ 12ರ ಆಸುಪಾಸಿನಲ್ಲಿದ್ದರೆ ಏನೂ ನಷ್ಟವಿಲ್ಲ. ಧ್ವನಿ ಪರೀಕ್ಷೆಯಲ್ಲಿ ಯಾರೂ ಮನಸ್ಸು ಬಿಚ್ಚಿ ಹಾಡುವುದಿಲ್ಲ. ತುಂಬಿದ ಸಭೆಯ ಮುಂದೆ ಅದೇ ಹಾಡು ಎಷ್ಟೋ ಪಾಲು ಏರಿರುತ್ತದೆ.

ಗುಂಯ್ ಮತ್ತು ಝಿರ್

ಗುಂಯ್ ಎಂದು ಒಂದೇ ಸಮನೆ ಮಂದ್ರದಲ್ಲಿ ಕೇಳಿಸುವುದು ವಿದ್ಯುತ್ತಿನ 50 ಹರ್ಟ್ಸ್, ಕೆಲವು ದೇಶಗಳಲ್ಲಿ 60. ಮೈಕಿನಿಂದ ಕೇಬಲ್ ಕಳಚಿ ನೋಡಿ. ಸದ್ದು ಉಳಿದರೆ ದೋಷ ಕೇಬಲ್‌ನಲ್ಲಿ ಅಥವಾ ಅದರ ಮುಂದೆ. ರೆಕಾರ್ಡರನ್ನು ಬ್ಯಾಟರಿಯಲ್ಲಿ ನಡೆಸಿದಾಗ ಮಾಯವಾದರೆ ಅರ್ಥಿಂಗ್‌ನಲ್ಲಿ ಸುತ್ತು ಬಿದ್ದಿದೆ, ಅಂದರೆ ಯಂತ್ರಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ಥ್‌ಗೆ ಸೇರಿವೆ. ಎಲ್ಲವನ್ನೂ ಒಂದೇ ಸಾಕೆಟ್ ಪಟ್ಟಿಯಿಂದ ಪಡೆಯಿರಿ, ಇಲ್ಲವೇ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿ.ಐ. ಪೆಟ್ಟಿಗೆ (ಯಂತ್ರದ ಸಂಕೇತವನ್ನು ಮೈಕ್ ಕೇಬಲ್‌ಗೆ ಹೊಂದಿಸುವ ಸಾಧನ) ಬಳಸಿ. ಪ್ಲಗ್‌ನ ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಜಾಣತನ ಮಾತ್ರ ಬೇಡ. ಹಾಡುವವರ ತುಟಿ ಲೋಹದ ಮೈಕಿಗೆ ತಾಗುತ್ತಿರುತ್ತದೆ.

ಒಂದೇ ಚಾನೆಲ್ ಸಣಕಲಾಗಿ, ಜೊತೆಗೆ ಗುಂಯ್‌ಗುಟ್ಟುತ್ತಿದ್ದರೆ ಅದು ಬಹುಪಾಲು ಕನೆಕ್ಟರ್‌ನ ಒಳಗೆ ಬಿಟ್ಟುಹೋದ ಬೆಸುಗೆ. ಕೇಬಲ್‌ನಿಂದಲೇ ವಿದ್ಯುತ್ ಪಡೆಯುವ ಕಂಡೆನ್ಸರ್ ಮೈಕ್ ಪೂರ್ತಿ ಮೌನವಾಗಿದ್ದರೆ ಕೇಬಲ್‌ನ ಮೈಕ್ ತುದಿಯಲ್ಲಿ 1 ಮತ್ತು 2ನೆಯ ಪಿನ್ ನಡುವೆ, ಆಮೇಲೆ 1 ಮತ್ತು 3ರ ನಡುವೆ ವೋಲ್ಟ್ ಮೀಟರ್ ಹಿಡಿಯಿರಿ. ಎರಡೂ ಕಡೆ 48 ವೋಲ್ಟ್‌ನ ಹತ್ತಿರ ತೋರಿಸಬೇಕು.

ಝಿರ್ ಎಂದು ಹರಿತವಾಗಿ ಕೇಳಿಸಿದರೆ ವೇದಿಕೆಯ ದೀಪಗಳ ಡಿಮ್ಮರ್ ಕಡೆ ನೋಡಿ. ದೀಪದವರನ್ನು ಕೇಳಿಕೊಂಡು ಬೆಳಕನ್ನು ಪೂರ್ತಿ ಆರಿಸಿ, ಪೂರ್ತಿ ಹೊತ್ತಿಸಿ, ಅರ್ಧಕ್ಕೆ ನಿಲ್ಲಿಸಿ ಕೇಳಿ. ಅರ್ಧದಲ್ಲಿ ಅತಿ ಜೋರಾಗಿದ್ದರೆ ಅನುಮಾನವೇ ಬೇಡ. ಮೈಕ್ ಕೇಬಲ್‌ಗಳನ್ನು ದೀಪದ ತಂತಿಗಳಿಂದ ದೂರ ಸರಿಸಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಮುದ್ರಣ ಮುಗಿದ ಮೇಲೆ ಗುಂಯ್ ತೆಗೆಯುವಾಗ ಪಿಯಾನೊದವರಿಗೆ ಒಂದು ಎಚ್ಚರಿಕೆ. ವಾದ್ಯದ ಕೆಳಭಾಗದ ಜಿ ಸ್ವರಗಳಲ್ಲಿ ಒಂದು 49 ಹರ್ಟ್ಸ್, ಅದರ ಮೇಲಿನ ಜಿ 98 ಹರ್ಟ್ಸ್. ಗುಂಯ್‌ನ 50ಕ್ಕೂ ಅದರ ಇಮ್ಮಡಿಯಾದ 100ಕ್ಕೂ ಅಗಲವಾದ ಫಿಲ್ಟರ್ ಹಾಕಿದರೆ ಗುಂಯ್ ಜೊತೆಗೆ ಎಡಗೈಯ ಜಿ ಕೂಡ ಸೊರಗುತ್ತದೆ. ಆಮೇಲೆ ನುಡಿಸಿದವರು ಬಂದು ನನ್ನ ಜಿ ಎಲ್ಲಿ ಎಂದು ಕೇಳುತ್ತಾರೆ.

ಒಂದೇ ಸ್ವರಕ್ಕೆ ಬರುವ ಕಿರುಗುಟ್ಟು

ಒಂದು ಸಂಜೆ ಅಭ್ಯಾಸದ ಹೊತ್ತಿನಲ್ಲಿ ಎಡಗಡೆಯ ಮೈಕಿನಲ್ಲಿ ಕಿರಿಕಿರಿ. ಎಲ್ಲ ಸ್ವರಗಳಿಗೂ ಇಲ್ಲ, ವಾದ್ಯದ ನಡುಭಾಗದ ಒಂದು ಡಿ ಸ್ವರಕ್ಕೆ ಮಾತ್ರ, ಅದೂ ಗಟ್ಟಿಯಾಗಿ ನುಡಿಸಿದಾಗ. ಕೇಬಲ್ ಬದಲಿಸಿದೆ. ಮೈಕ್ ಬದಲಿಸಿದೆ. ಚಾನೆಲ್ ಬದಲಿಸಿದೆ. ನಲವತ್ತು ನಿಮಿಷ ಹೋಯಿತು, ಗಾಯಕಿ ಎರಡು ಸಲ ಗಡಿಯಾರ ನೋಡಿದರು. ಅಷ್ಟರಲ್ಲಿ ಶ್ರುತಿ ಮಾಡಲು ಬಂದಿದ್ದ ಹಿರಿಯರು ಮೂಲೆಯ ಕುರ್ಚಿಯಿಂದ ಎದ್ದು ಬಂದರು. ಬಲಗೈ ಬೆರಳಿನಿಂದ ಆ ಡಿ ಮನೆಯನ್ನು ಒತ್ತುತ್ತ ಎಡಗೈಯನ್ನು ವಾದ್ಯದ ಮೈಮೇಲೆ ಆಡಿಸುತ್ತ ಹೋದರು: ಅಂಚು, ಪುಸ್ತಕದ ಹಲಗೆ, ಮುಚ್ಚಳದ ಮುಂಭಾಗ, ಕೀಲು. ಮುಚ್ಚಳದ ಕೀಲಿಗೆ ಹೆಬ್ಬೆರಳು ತಾಗಿದ್ದೇ ತಡ, ಕಿರುಗುಟ್ಟು ನಿಂತಿತು. ಕೀಲಿನ ಕಡ್ಡಿ ಸಡಿಲವಾಗಿತ್ತು, ಅಷ್ಟೇ. ಅವರು ಜೇಬಿನಿಂದ ಕಾಗದದ ಚೂರೊಂದನ್ನು ತೆಗೆದು, ಮಡಿಸಿ, ಅಲ್ಲಿ ಸಿಕ್ಕಿಸಿ, ಏನೂ ಹೇಳದೆ ಹೋಗಿ ಕುಳಿತರು.

ಅಂದಿನಿಂದ ನಾನು ಏನನ್ನಾದರೂ ಬದಲಿಸುವ ಮೊದಲು ಹೆಡ್‌ಫೋನ್ ಕಳಚಿ ವಾದ್ಯದ ಹತ್ತಿರ ಹೋಗಿ ನಿಲ್ಲುತ್ತೇನೆ. ಬರಿಗಿವಿಗೆ ಕೇಳಿಸಿದರೆ ಅದು ಕೇಬಲ್‌ನ ತಪ್ಪಲ್ಲ. ಎಲ್ಲ ಮನೆಗಳನ್ನೂ ಒಂದೊಂದಾಗಿ ಗಟ್ಟಿಯಾಗಿ ಒತ್ತಿಸಿ, ಕಿರುಗುಟ್ಟುವ ಸ್ವರ ಸಿಕ್ಕ ಮೇಲೆ ಅದನ್ನೇ ನುಡಿಸುತ್ತಿರಲು ಹೇಳಿ, ಅಂಗೈಯಿಂದ ಒಂದೊಂದೇ ಭಾಗ ಒತ್ತಿ ನೋಡಿ. ಪುಸ್ತಕಕ್ಕೆ ಸಿಕ್ಕಿಸಿದ ಪುಟ್ಟ ದೀಪ, ಧ್ವನಿಫಲಕದ ಮೇಲೆ ಬಿದ್ದ ಪೆನ್ಸಿಲ್, ಹತ್ತಿರದ ಸ್ಟ್ಯಾಂಡ್‌ನ ಸಡಿಲ ತಿರುಪು, ಇವೆಲ್ಲ ಹಳೆಯ ಅಪರಾಧಿಗಳು.

ಪೆಡಲ್‌ನ ಧಡ್

ಧಡ್ ಎಂಬ ಸದ್ದು ಎಲ್ಲ ಚಾನೆಲ್‌ಗಳಲ್ಲೂ ಇದ್ದು ಮಂದ್ರದಲ್ಲೇ ದಪ್ಪವಾಗಿದ್ದರೆ ಅದು ನೆಲದ ಮೂಲಕ ಸ್ಟ್ಯಾಂಡ್ ಹತ್ತಿದೆ. ಯಾರೂ ನುಡಿಸದಿರುವಾಗ ವೇದಿಕೆಯನ್ನು ಹಿಮ್ಮಡಿಯಿಂದ ಒಮ್ಮೆ ಗುದ್ದಿ ಮೀಟರ್ ನೋಡಿ. ಮುಳ್ಳು ಜಿಗಿದರೆ ಸ್ಟ್ಯಾಂಡನ್ನು ಅಟ್ಟಣಿಗೆಯಿಂದ ಕೆಳಗಿಳಿಸಿ, ಕಾಲುಗಳಿಗೆ ದಪ್ಪ ಫೋಮ್ ಕೊಡಿ, ಮೈಕನ್ನು ನಡುಕ ತಡೆಯುವ ಷಾಕ್ ಮೌಂಟ್‌ನಲ್ಲಿ ತೂಗುಹಾಕಿ. ತಾಳಕ್ಕೆ ಕಾಲು ಕುಟ್ಟುವ ಅಭ್ಯಾಸವಿದ್ದವರ ಪಾದದ ಕೆಳಗೆ ಒಂದು ಜಮಖಾನೆ ಹಾಸಿದರೂ ಸಾಕಷ್ಟು ಇಳಿಯುತ್ತದೆ.

ಆಗಲೇ ಮುದ್ರಣವಾಗಿದ್ದರೆ ಕಂಠದ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಲು ಹಿಂಜರಿಯಬೇಡಿ. ಪಿಯಾನೊದ ಟ್ರ್ಯಾಕಿನಲ್ಲಿ ಹಾಗೆ ಮಾಡಬೇಡಿ, ಅದರ ಅತ್ಯಂತ ಕೆಳಗಿನ ಸ್ವರ 27.5 ಹರ್ಟ್ಸ್. ಧಡ್ ಬಿದ್ದ ಕ್ಷಣಗಳಲ್ಲಷ್ಟೇ ಕೆಳಗಿನದನ್ನು ಕತ್ತರಿಸಿ. ಪೆಡಲ್ ಎತ್ತಿದಾಗ ತಂತಿಗಳೆಲ್ಲ ಒಟ್ಟಿಗೆ ಬಿಡುವ ಆ ಸಣ್ಣ ಉಸಿರು ಮಾತ್ರ ದೋಷವಲ್ಲ. ಅದನ್ನು ತೆಗೆದ ಮುದ್ರಣಗಳನ್ನು ಕೇಳಿದ್ದೇನೆ, ವಾದ್ಯ ಅಲ್ಲಿ ಪ್ಲಾಸ್ಟಿಕ್‌ನದ್ದಾಗಿರುತ್ತದೆ.

ಟಿಕ್ ಟಿಕ್, ಏರಿದ ಶ್ರುತಿ

ಲಯಬದ್ಧವಾಗಿ ಬರುವ ಟಿಕ್ ಟಿಕ್ ಎಂದರೆ ಡಿಜಿಟಲ್ ಕೇಬಲ್‌ನಿಂದ ಜೋಡಿಸಿದ ಎರಡು ಯಂತ್ರಗಳೂ ತಮ್ಮತಮ್ಮ ಗಡಿಯಾರವನ್ನೇ ನಂಬಿವೆ. ಒಂದನ್ನು ಇನ್ನೊಂದರ ಗಡಿಯಾರಕ್ಕೆ ಒಪ್ಪಿಸಿ. ಹೊತ್ತುಗೊತ್ತಿಲ್ಲದೆ ಬರುವ ಟಿಕ್ ಆದರೆ ಕಂಪ್ಯೂಟರ್‌ಗೆ ಉಸಿರು ಸಾಲುತ್ತಿಲ್ಲ, ಬಫರ್ (ದನಿಯನ್ನು ತುಸು ಹೊತ್ತು ಕೂಡಿಡುವ ಜಾಗ) ಹಿಗ್ಗಿಸಿ.

ಇಡೀ ಕಚೇರಿ ಒಂದೂವರೆ ಸೆಮಿಟೋನ್‌ನಷ್ಟು ಏರಿ, ಒಂದು ಗಂಟೆಯದು 55 ನಿಮಿಷಕ್ಕೆ ಮುಗಿದರೆ 44.1 ಕಿಲೊಹರ್ಟ್ಸ್‌ನ ಕಡತವನ್ನು 48 ಎಂದುಕೊಂಡು ನುಡಿಸಲಾಗುತ್ತಿದೆ. ಕಡತ ಕೆಟ್ಟಿಲ್ಲ, ಹಣೆಪಟ್ಟಿ ಮಾತ್ರ ತಪ್ಪು. ಶ್ರುತಿ ಕಚೇರಿಯ ನಡುವೆ ಮೆಲ್ಲಮೆಲ್ಲನೆ ಸರಿದಿದ್ದರೆ ದೀಪದ ಶಾಖವನ್ನು ಬೈಯಬೇಕು. ಮುಂದಿನ ಸಲ ದೀಪಗಳನ್ನು ಒಂದು ಗಂಟೆ ಹೊತ್ತಿಸಿಟ್ಟು, ಆಮೇಲೆ ಶ್ರುತಿ ಮಾಡಿಸಿ.

ತೆರೆಯದ ಕಡತ

ಕೊನೆಯ ಹಾಡಿನ ನಡುವೆ ಬ್ಯಾಟರಿ ಕೈಕೊಟ್ಟಿತು. ಕಡತ ಕಾರ್ಡ್‌ನಲ್ಲಿದೆ, ಎರಡು ಗಿಗಾಬೈಟ್‌ಗೂ ಹೆಚ್ಚಿದೆ, ಆದರೆ ಅವಧಿ ಸೊನ್ನೆ ಎಂದು ತೋರಿಸುತ್ತದೆ. ಎದೆ ಧಸಕ್ಕೆನ್ನುವ ಗಳಿಗೆ ಇದು, ಆದರೆ ಹೆಚ್ಚಿನ ಸಲ ಏನೂ ಹೋಗಿರುವುದಿಲ್ಲ. ವೇವ್ ಕಡತದ ಉದ್ದವನ್ನು ಅನೇಕ ರೆಕಾರ್ಡರ್‌ಗಳು ನಿಲ್ಲಿಸುವ ಗುಂಡಿ ಒತ್ತಿದ ಮೇಲಷ್ಟೇ ತಲೆಭಾಗದಲ್ಲಿ ಬರೆಯುತ್ತವೆ. ನಿಲ್ಲಿಸುವ ಮೊದಲೇ ಪ್ರಾಣ ಹೋದರೆ ಆ ಜಾಗ ಖಾಲಿ ಉಳಿಯುತ್ತದೆ, ದನಿ ಮಾತ್ರ ಅಲ್ಲೇ ಇರುತ್ತದೆ.

ಕಾರ್ಡ್‌ಗೆ ಇನ್ನೇನನ್ನೂ ಬರೆಯಬೇಡಿ. ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಕಡತದ ಪ್ರತಿ ಮಾಡಿಕೊಂಡು ಸಂಪಾದನೆಯ ತಂತ್ರಾಂಶದಲ್ಲಿ ಕಚ್ಚಾ ದತ್ತಾಂಶವಾಗಿ ತೆರೆಯಿರಿ: 24 ಬಿಟ್, ಲಿಟಲ್ ಎಂಡಿಯನ್ (ಬೈಟ್‌ಗಳ ಕ್ರಮದ ಹೆಸರು), 48,000 ಹರ್ಟ್ಸ್, ನಾಲ್ಕು ಮುದ್ರಿಸಿದ್ದರೆ ನಾಲ್ಕು ಚಾನೆಲ್. ಅವಧಿ ಹೊಂದುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಬಹುದು. ಒಂದು ಚಾನೆಲ್‌ಗೆ ಸೆಕೆಂಡಿಗೆ 1,44,000 ಬೈಟ್, ನಾಲ್ಕಕ್ಕೆ 5,76,000, ಅಂದರೆ ಗಂಟೆಗೆ ಸುಮಾರು 2.07 ಗಿಗಾಬೈಟ್. ಇದೇ ಲೆಕ್ಕದಲ್ಲಿ ಎರಡು ಗಂಟೆ ನಾಲ್ಕು ನಿಮಿಷಕ್ಕೆ ಸಾಮಾನ್ಯ ವೇವ್ ಕಡತದ 4 ಗಿಗಾಬೈಟ್ ಮಿತಿ ಮುಟ್ಟುತ್ತದೆ. ಉದ್ದದ ಕಚೇರಿ ಎರಡು ಕಡತಗಳಾಗಿ ತುಂಡಾಗಿದ್ದರೆ ಅದಕ್ಕೆ ಗಾಬರಿಯಾಗಬೇಕಿಲ್ಲ, ತುದಿಗೆ ತುದಿ ಸೇರಿಸಿದರಾಯಿತು.

ತೆರೆದಾಗ ಮಳೆ ಸುರಿದಂತೆ ಬರೀ ಭೋರ್ಗರೆತ ಕೇಳಿಸಿದರೆ ಹೆದರಬೇಡಿ. ಒಂದು ಸ್ಯಾಂಪಲ್‌ಗೆ ಮೂರು ಬೈಟ್, ನೀವು ಓದಲು ಶುರುಮಾಡಿದ್ದು ನಡುವಿನಿಂದ. ಆರಂಭದ ಜಾಗವನ್ನು ಒಂದು ಬೈಟ್ ಮುಂದಕ್ಕೆ ಸರಿಸಿ ಮತ್ತೆ ತೆರೆಯಿರಿ, ಆಗಲಿಲ್ಲವೇ, ಇನ್ನೊಂದು ಬೈಟ್. ಮೂರರಲ್ಲಿ ಒಂದು ಸಲ ಆ ಭೋರ್ಗರೆತ ಒಮ್ಮೆಲೇ ಸರಿದು, ಹಿಂದಿನಿಂದ ಪಿಯಾನೊ ಕೇಳಿಸುತ್ತದೆ. ಚಾನೆಲ್‌ಗಳು ಅದಲುಬದಲಾಗಿ, ಕಂಠದ ಜಾಗದಲ್ಲಿ ಎಡಗೈಯ ಮೈಕ್ ಕುಳಿತಿದ್ದರೆ ಮೂರು ಮೂರು ಬೈಟ್‌ಗಳಂತೆ ಸರಿಸುತ್ತ ಹೋಗಿ.